ಗೋಡೆಯ ಮೇಲಿನ ಹನ್ನೊಂದನೇ ಹೆಸರು

ಅಪ್ಪಾ,

ನಿನ್ನ ಗೋಡೆಯನ್ನು ಸೋಮವಾರ ಕೆಡವುತ್ತಾರೆ. ಚಾಮರಾಜಪೇಟೆಯ ಸರ್ಕಾರಿ ಶಾಲೆಯ ಪಕ್ಕದ ಗೋಡೆ, ನೀನು ಕೊನೆಯದಾಗಿ ಬ್ರಷ್ ಮುಟ್ಟಿಸಿದ್ದು. ಕಟ್ಟಡ ಶಿಥಿಲವಾಗಿದೆಯಂತೆ, ಮಕ್ಕಳನ್ನು ಆಗಲೇ ಬೇರೆ ಶಾಲೆಗೆ ಕಳಿಸಿಯಾಗಿದೆ. ಆರು ವರ್ಷ ನಾನು ಆ ರಸ್ತೆ ತುಳಿದಿರಲಿಲ್ಲ, ಮಾರ್ಕೆಟ್ಟಿಗೆ ಹೋಗಬೇಕಾದರೂ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ಸತ್ತವರಿಗೆ ಕಾಗದ ಬರೆಯುವುದು ಹುಚ್ಚು ಅನ್ನುವವಳು ನಾನು, ಗೊತ್ತಲ್ಲ ನಿನಗೆ. ಆದರೂ ಕೂತಿದ್ದೇನೆ. ಒಂದು ಮಾತನ್ನು ಒಪ್ಪಿಕೊಳ್ಳದೆ ಆ ಗೋಡೆ ಬೀಳುವುದನ್ನು ನೋಡುವ ಧೈರ್ಯ ನನಗಿಲ್ಲ.

ನಿನ್ನ 'ಅರ್ಜೆಂಟ್ ಡಾಕ್ಟರ' ಕಥೆ ನೆನಪಾಗುತ್ತಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬೋರ್ಡು ಬರೆಯಲು ಹೊರಟವನು ನೀನು. ಕನ್ನಡ ಓದುತ್ತಿದ್ದೆ, ಇಂಗ್ಲಿಷನ್ನು ಮಾತ್ರ ಚಿತ್ರ ಬಿಡಿಸುವ ಹಾಗೆ ನೋಡಿ ನೋಡಿ ಇಳಿಸುತ್ತಿದ್ದೆ. ಮಲ್ಲೇಶ್ವರಂನಲ್ಲಿ ಒಬ್ಬ ಡಾಕ್ಟರು ಚೀಟಿ ಕೊಟ್ಟಿದ್ದರು. ಮೇಲೆ ಹೆಸರು, ಅದರ ಕೆಳಗೆ ಡಿಗ್ರಿ, ಅದರ ಕೆಳಗೆ ಕೆಲಸ ಬೇಗ ಆಗಲಿ ಅಂತ ನಿನಗಾಗಿ ಬರೆದ 'ಅರ್ಜೆಂಟ್'. ನೀನು ಮೂರನ್ನೂ ಕೆಂಪು ನೆರಳು ಕೊಟ್ಟು ಅಚ್ಚುಕಟ್ಟಾಗಿ ಬೋರ್ಡಿಗೆ ಏರಿಸಿದೆ. ಬೀದಿಗೆ ಬೀದಿಯೇ ನಕ್ಕಿತು. ಅವತ್ತಿನಿಂದ ನಿನ್ನದು ಒಂದೇ ಹಟ, ಅರ್ಥ ಗೊತ್ತಿಲ್ಲದ ಪದಕ್ಕೆ ಬ್ರಷ್ ಅದ್ದುವುದಿಲ್ಲ. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಬೋರ್ಡು ಮಾತ್ರ ಅಲ್ಲೇ ಇರತ್ತಮ್ಮ, ದಿನಾ ಮುಖಕ್ಕೆ ಹೊಡೀತಾ" ಅನ್ನುತ್ತಿದ್ದೆ.

ಅಮ್ಮ ಹೋದಾಗ ನನಗೆ ನಾಲ್ಕು ವರ್ಷ. ನನ್ನ ಜಡೆ ಹಾಕುತ್ತಿದ್ದವನು ನೀನೇ. ಬೈತಲೆ ಮಾತ್ರ ನೂಲು ಹಿಡಿದ ಹಾಗೆ, ತಲೆಯೆಲ್ಲ ಟರ್ಪೆಂಟೈನ್ ವಾಸನೆ. ಕ್ಲಾಸಿನಲ್ಲಿ ಹುಡುಗಿಯರು ಮೂಗು ಮುಚ್ಚಿಕೊಂಡರು ಅಂತ ಅತ್ತುಕೊಂಡು ಬಂದ ದಿನದಿಂದ ನೀನು ಬೆಳಿಗ್ಗೆ ಎದ್ದು ಸೀಗೆಪುಡಿ ಹಾಕಿ ಕೈ ಉಜ್ಜಿಕೊಂಡು, ಮೂಸಿ ನೋಡಿಕೊಂಡು, ಆಮೇಲೆ ಬಾಚಣಿಗೆ ಹಿಡಿಯುತ್ತಿದ್ದೆ. ರಜೆಯ ದಿನ ನನ್ನನ್ನೂ ಕೆಲಸಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಏಣಿಯ ಬುಡಕ್ಕೆ ಎರಡೂ ಕಾಲು ಒತ್ತಿ ನಿಲ್ಲುವುದು ನನ್ನ ಕೆಲಸ. ಕೊನೆಯ ಅಕ್ಷರ ಮುಗಿದ ಮೇಲೆ ನೀನು ಇಳಿದು, ನನ್ನ ಕೈ ಹಿಡಿದು ರಸ್ತೆ ದಾಟಿಸಿ, ಎದುರು ನಿಲ್ಲಿಸಿ, "ಎಲ್ಲಿ, ಓದಮ್ಮ" ಅನ್ನುತ್ತಿದ್ದೆ. ನಾನು ಗಟ್ಟಿಯಾಗಿ, ಎಲ್ಲೂ ತಡವರಿಸದೆ ಓದಿದರೆ ಮಾತ್ರ ಕೆಲಸ ಮುಗಿದ ಲೆಕ್ಕ. ತಡವರಿಸಿದರೆ ಮತ್ತೆ ಏಣಿ ಹತ್ತುತ್ತಿದ್ದೆ.

ಫ್ಲೆಕ್ಸ್ ಬಂದು ಬೋರ್ಡಿನ ಕೆಲಸವೆಲ್ಲ ಹೊರಟುಹೋದ ಕಾಲದಲ್ಲಿ ಆ ಶಾಲೆಯ ಹೆಡ್‌ಮೇಡಂ ನಿನ್ನನ್ನು ಕರೆಸಿ ಡೈನೋಸಾರುಗಳ ಪಟ್ಟಿ ಕೊಟ್ಟರು. ಹನ್ನೊಂದು ಚಿತ್ರ, ಹನ್ನೊಂದು ಹೆಸರು. ನೀನು ಹಿಗ್ಗಿ ಹೋಗಿದ್ದೆ. ಮನೆಗೆ ಬಂದವನೇ ಪಟ್ಟಿಯನ್ನು ನನ್ನ ಪುಸ್ತಕದ ಮೇಲಿಟ್ಟು, "ಇದು ಯಾವ ಭಾಷೆ? ಅರ್ಥ ಹೇಳು, ಮಕ್ಕಳಿಗೆ ಕೆಳಗಡೆ ಕನ್ನಡದಲ್ಲಿ ಬರೀತೀನಿ" ಅಂದೆ. ನಾನು ಫೋನ್ ನೋಡಿ, ಕೆಲವು ಗ್ರೀಕ್, ಕೆಲವು ಲ್ಯಾಟಿನ್, ಕೆಲವು ಎರಡೂ ಸೇರಿದ್ದು ಅಂದೆ. ಡೈನೋಸಾರ್ ಅಂದರೆ ಭಯಂಕರ ಹಲ್ಲಿ. ನೀನು ಬಿದ್ದು ಬಿದ್ದು ನಕ್ಕೆ. "ಅಷ್ಟು ದೊಡ್ಡ ಪ್ರಾಣಿಗೆ ಹಲ್ಲಿ ಅಂತಾರಾ? ಅದು ಲೊಚಗುಟ್ಟಿದ್ರೆ ಚಾಮರಾಜಪೇಟೆ ಪೂರ್ತಿ ಕೇಳಿಸಿರತ್ತೆ ಬಿಡು!"

ಆಮೇಲೆ ದಿನಕ್ಕೊಂದು ಹೆಸರು, ಸಂಜೆ ಕಾಫಿ ಕುಡಿಯುವಾಗ. ಟ್ರೈಸೆರಾಟಾಪ್ಸ್, ಮೂರು ಕೊಂಬಿನ ಮುಖ. ಟಿರಾನೊಸಾರಸ್ ರೆಕ್ಸ್, ದಬ್ಬಾಳಿಕೆ ಮಾಡುವ ಹಲ್ಲಿಗಳ ರಾಜ. ಸ್ಟೆಗೋಸಾರಸ್ ಅಂದರೆ ಸೂರಿನ ಹಲ್ಲಿ, ಬೆನ್ನ ಮೇಲಿನ ಬಿಲ್ಲೆಗಳು ಮನೆಯ ಹೆಂಚಿನ ಹಾಗೆ ಮಲಗಿದ್ದವು ಅಂತ ಮೊದಲು ಕಂಡವರು ತಿಳಿದಿದ್ದರಂತೆ. ನೀನು ನಮ್ಮ ವಠಾರದ ಸೋರುವ ಹೆಂಚು ತೋರಿಸಿ, "ಹಂಗಾದ್ರೆ ಅದಕ್ಕೂ ಮಳೆಗಾಲ ಕಷ್ಟ" ಅಂದಿದ್ದೆ.

ಓವಿರಾಪ್ಟರ್ ಹೆಸರಿನ ದಿನ ಮಾತ್ರ ನೀನು ನಗಲಿಲ್ಲ. ಲ್ಯಾಟಿನ್‌ನಲ್ಲಿ ಮೊಟ್ಟೆಗಳ್ಳ. ಮೊಟ್ಟೆಗಳ ಹತ್ತಿರ ಅದರ ಮೂಳೆ ಸಿಕ್ಕಿತಂತೆ, ಕದಿಯಲು ಬಂದೇ ಸತ್ತಿರಬೇಕು ಅಂತ ಹಾಗೆ ಕರೆದುಬಿಟ್ಟರು. ಎಷ್ಟೋ ವರ್ಷ ಕಳೆದ ಮೇಲೆ, ಆ ಮೊಟ್ಟೆಗಳು ಅದರವೇ, ಅದು ಕಾವು ಕೊಡುವ ಪ್ರಾಣಿ ಅಂತ ಗೊತ್ತಾಯಿತು.

"ಮತ್ತೆ ಹೆಸರು ಬದಲಾಯಿಸಿದ್ರಾ?"

"ಇಲ್ಲಪ್ಪ. ಒಂದ್ಸಲ ಇಟ್ರೆ ಇಟ್ಟಿದ್ದೇ. ಅದು ರೂಲ್ಸು."

"ಹೆಸರಿಡೋರು ಯಾವತ್ತು ಕೇಳಿ ಇಡ್ತಾರೆ? ನಮ್ಮ ಕೇರಿಗೆ ಹೆಸರಿಟ್ಟೋರು ನಮ್ಮನ್ನ ಕೇಳಿದ್ರಾ?" ಅಂದು ಲೋಟ ಕೆಳಗಿಟ್ಟೆ. ಬಸವನಗುಡಿಯ ಒಂದು ಮನೆಯಲ್ಲಿ ನಿನ್ನ ಅಕ್ಷರವನ್ನು ಬಾಯಿ ತುಂಬ ಹೊಗಳಿ, ನಿನಗೆ ನೀರನ್ನು ಮಾತ್ರ ಗೇಟಿನ ಆಚೆಗೇ ಕೊಟ್ಟಿದ್ದು ನನಗೂ ನೆನಪಿತ್ತು. ಮರುದಿನ ಗೋಡೆಯ ಮೇಲೆ 'ಮೊಟ್ಟೆಗಳ್ಳ' ಎಂದು ಬರೆದು, ಅದರ ಕೆಳಗೆ ಯಾರ ಅಪ್ಪಣೆಯನ್ನೂ ಕೇಳದೆ ಚಿಕ್ಕದಾಗಿ 'ಆದರೆ ಕದ್ದಿಲ್ಲ' ಎಂದೂ ಬರೆದು ಬಂದೆ.

ಹನ್ನೊಂದನೆಯದು ಮೈಯಾಸಾರ. ಆ ಸಂಜೆ ನಾನು ಹೇಗಿದ್ದೆ ಅಂತ ಬರೆಯಲು ನಾಚಿಕೆಯಾಗುತ್ತದೆ. ಸರ್ಕಾರಿ ನೌಕರಿಯ ಪರೀಕ್ಷೆ ಹತ್ತಿರ ಬಂದಿತ್ತು, ಓದಿದ್ದು ಯಾವುದೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ, ನೀನು ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತಿದ್ದೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಫೋನ್ ಮುಟ್ಟಲೂ ಇಲ್ಲ. "ದೊಡ್ಡ ಹಲ್ಲಿ. ಎಲ್ಲಾ ಹಲ್ಲಿನೇ ಅಪ್ಪ. ಹೋಗು, ಬರ್ಕೋ" ಅಂದೆ. ನೀನು ಟ್ಯೂಬ್‌ಲೈಟಿನ ಪಕ್ಕದ ನಮ್ಮ ಹಲ್ಲಿಯನ್ನು ನೋಡಿ, "ಅದು ಲೊಚಗುಟ್ಟಲಿಲ್ವಲ್ಲೇ, ನಿಜಾನಾ?" ಅಂದೆ. ತಮಾಷೆಗೇ ಅಂದಿದ್ದು. ಆಗಲಾದರೂ ನಾನು ತಲೆ ಎತ್ತಿದ್ದರೆ... ಎತ್ತಲಿಲ್ಲ. ಮಾರನೇ ದಿನ ಗೋಡೆಯ ಮೇಲಿನ ಸಾಲಿನಲ್ಲಿ, ಎರಡಾಳೆತ್ತರದಲ್ಲಿ, ನನ್ನ ಸುಳ್ಳನ್ನು ಹಳದಿ ಬಣ್ಣದಲ್ಲಿ ಚೆಂದವಾಗಿ ಬರೆದೆ.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಜಿಟಿಜಿಟಿ ಮಳೆ. ನೀನು ಡಬ್ಬ, ಬ್ರಷ್ ಎತ್ತಿಕೊಂಡು, "ಶಾಲೆ ಗೋಡೇಲಿ ಒಂಚೂರು ಟಚಪ್ ಇದೆ. ಐದು ನಿಮಿಷ ಬರ್ತೀಯಾ, ಏಣಿ ಹಿಡ್ಕೊಳೋಕೆ?" ಅಂದೆ. ನಾನು ಪುಸ್ತಕದಿಂದ ಕಣ್ಣೆತ್ತದೆ, "ಎಕ್ಸಾಮ್ ಅಪ್ಪ, ನಿನಗೆ ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ?" ಅಂದೆ. ನಾನು ನಿನ್ನೊಡನೆ ಆಡಿದ ಕೊನೆಯ ಮಾತು ಅದು. ಗೋಡೆಯ ಬುಡದಲ್ಲಿ ಮೋರಿಗೆ ಹಾಸಿದ ಕಲ್ಲುಚಪ್ಪಡಿ ಒದ್ದೆಯಾಗಿತ್ತು. ಏಣಿ ಜಾರಿತು. ನಾಲ್ಕು ದಿನ ಆಸ್ಪತ್ರೆಯಲ್ಲಿ ನಿನ್ನ ಕೈ ಹಿಡಿದು ಕೂತಿದ್ದೆ. ಉಗುರಿನ ಸಂದಿಯಲ್ಲಿ ಹಳದಿ ಬಣ್ಣ ಹಾಗೇ ಇತ್ತು. ನೀನು ಕಣ್ಣು ಬಿಡಲಿಲ್ಲ.

ಆಸ್ಪತ್ರೆಗೆ ಬಂದ ಹೆಡ್‌ಮೇಡಂ ಅಳುತ್ತಾ ಹೇಳಿದರು. ಶಾಲೆ ನೋಡಲು ಬಂದ ಯಾರೋ ಸಾಹೇಬರು ಎಲ್ಲರ ಎದುರಿಗೆ, ಇದು ತಪ್ಪು, ಮೈಯಾಸಾರ ಅಂದರೆ ಒಳ್ಳೆಯ ತಾಯಿ ಹಲ್ಲಿ ಅಂದರಂತೆ. ಗೂಡು ಕಟ್ಟಿ ಮರಿಗಳನ್ನು ಸಾಕುತ್ತಿತ್ತು, ಅದಕ್ಕೇ ಆ ಹೆಸರು ಅಂದರಂತೆ. ಮೇಡಂ ನಿನಗೆ ಫೋನ್ ಮಾಡಿದ್ದರು. ನೀನು ಆ ಸಂಜೆಯೇ ಹೋಗಿ ತಪ್ಪಿನ ಮೇಲೆ ಬಣ್ಣ ಬಳಿದು ಮುಚ್ಚಿ ಬಂದಿದ್ದೆ, ಬೆಳಿಗ್ಗೆ ಮಕ್ಕಳು ಬರುವ ಮೊದಲು ಸರಿಯಾದದ್ದನ್ನು ಬರೆಯಬೇಕು ಅಂತ ಹೊರಟಿದ್ದೆ. ನಿನ್ನನ್ನು ಮಣ್ಣು ಮಾಡಿದ ಮೂರನೇ ದಿನ ಹೋಗಿ ನೋಡಿದೆ. 'ಒಳ್ಳೆಯ' ಎಂಬಲ್ಲಿಗೆ ಬಣ್ಣ ನಿಂತಿತ್ತು. ಮುಂದಿನ ಎರಡು ಪದಕ್ಕೆ ನೀನು ಎಳೆದಿಟ್ಟ ಸೀಮೆಸುಣ್ಣದ ಗೆರೆ ಮಾತ್ರ ಇತ್ತು.

ಯಾರಿಗೂ ಹೇಳಲಿಲ್ಲ ಅಪ್ಪ. "ಪಾಪ, ಓದಿದೋನಲ್ಲ, ಏನೋ ತಪ್ಪು ಬರೆದ" ಅಂತ ವಠಾರದವರು ಮರುಗಿದಾಗಲೂ ಹೇಳಲಿಲ್ಲ. ಆ ಪರೀಕ್ಷೆಯಲ್ಲಿ ಪಾಸಾದೆ, ಅದೂ ನಿನಗೆ ಗೊತ್ತಿಲ್ಲ. ಈಗ ಶೇಷಾದ್ರಿಪುರಂನ ಒಂದು ಕಚೇರಿಯಲ್ಲಿ ಗುಮಾಸ್ತೆ. ಟೇಬಲ್ಲಿನ ಮೇಲೆ ನನ್ನ ಹೆಸರಿನ ಪುಟ್ಟ ಬೋರ್ಡಿದೆ, ಪ್ಲಾಸ್ಟಿಕ್ಕಿನದು. ಅದನ್ನು ಕಂಡರೆ ನನಗೆ ಆಗುವುದಿಲ್ಲ.

ಹೋದ ವಾರ ಹೆಡ್‌ಮೇಡಂ ಫೋನ್ ಮಾಡಿ, "ಸುಜಾತಾ, ನಿಮ್ಮ ತಂದೆ ಗೋಡೆ ಹೋಗ್ತಿದೆ. ಫೋಟೋ ತಗೊಳ್ಳೋದಿದ್ರೆ ಬಂದ್ಬಿಡಮ್ಮ" ಅಂದರು. ಹೋದೆ. ತಲೆ ಪೂರ್ತಿ ನೆರೆತಿದೆ ಅವರಿಗೆ, ಈ ವರ್ಷ ನಿವೃತ್ತಿ. ಖಾಲಿ ಕ್ಲಾಸಿನ ಬೆಂಚಿನ ಮೇಲೆ ಕೂರಿಸಿದರು. ನಾನು ಹೇಳಿಯೇಬಿಟ್ಟೆ, "ಮೇಡಂ, ದೊಡ್ಡ ಹಲ್ಲಿ ಅಂತ ಹೇಳಿದ್ದು ನಾನು. ನೋಡದೇನೇ ಹೇಳ್ಬಿಟ್ಟೆ."

ಅವರು ನನ್ನ ಮುಖವನ್ನೇ ನೋಡುತ್ತಾ, "ಗೊತ್ತಮ್ಮ" ಅಂದರು. "ಫೋನಲ್ಲಿ ಸರಿಯಾದ ಅರ್ಥ ಹೇಳ್ದಾಗ ನಿಮ್ಮ ತಂದೆ ಇನ್ನೊಂದ್ಸಲ ಹೇಳಿ ಅಂದು ಬರ್ಕೊಂಡ್ರು. ಆಮೇಲೆ ನಕ್ರು. ಮಗಳಿಗೆ ಪರೀಕ್ಷೆ ಮೇಡಂ, ಅವತ್ತು ರೇಗಿತ್ತು ಅವಳಿಗೆ, ಹಲ್ಲಿನೂ ಲೊಚಗುಟ್ಟಿರ್ಲಿಲ್ಲ ಅಂದ್ರು. ಯಾರಾದ್ರೂ ಕೇಳಿದ್ರೆ ಪೇಂಟರ್ ತಪ್ಪು ಅಂತ್ಲೇ ಹೇಳಿ ಅಂದ್ರು. ಅದಕ್ಕೇ ನಾನೂ ಸುಮ್ನಿದ್ದೆ."

ನನಗೆ ಸಮಾಧಾನವಾಗಲಿ ಅಂತ ಹೇಳಿದ್ದು ಅವರು. ಆಗಲಿಲ್ಲ. ನಿನ್ನ ಮೇಲೆ ಕೋಪ ಬಂತು. ಗೊತ್ತಿದ್ದೂ ಯಾಕೆ ಬೈಯಲಿಲ್ಲ ನೀನು? ಆ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ನಿನ್ನಿಂದ ತಪ್ಪಾಗಿದೆ, ಎದ್ದು ಬಾ" ಅಂತ ಒಂದು ಮಾತು ಅಂದಿದ್ದರೆ ಜಗಳವಾಡಿಕೊಂಡಾದರೂ ಬಂದು ಏಣಿಗೆ ಕಾಲು ಕೊಡುತ್ತಿದ್ದೆ. ಟಚಪ್ ಅಂದೆ. ನನ್ನ ಓದು ಕೆಡಬಾರದು ಅಂತ ಟಚಪ್ ಅಂದೆ. ಗೂಡು ಕಟ್ಟಿ ಮರಿ ಸಾಕಿದ್ದು ಯಾರು ಅಂತ ಲ್ಯಾಟಿನ್ನು, ಗ್ರೀಕು ಬಂದವರೇ ನನಗೆ ಹೇಳಬೇಕಾಯಿತೇ?

ಗೋಡೆಯನ್ನೂ ನೋಡಿದೆ. ಸೀಮೆಸುಣ್ಣ ಯಾವತ್ತೋ ಅಳಿಸಿಹೋಗಿದೆ. ಹಳದಿಯಲ್ಲಿ 'ಒಳ್ಳೆಯ' ಮಾತ್ರ ಉಳಿದಿದೆ. ಮಕ್ಕಳು ಅದನ್ನು ಒಳ್ಳೇ ಡೈನೋಸಾರ್ ಅಂತಲೇ ಕರೆಯುತ್ತಿದ್ದರಂತೆ. ಮೊಟ್ಟೆಗಳ್ಳನ ಕೆಳಗಿನ 'ಆದರೆ ಕದ್ದಿಲ್ಲ' ಕೂಡ ಹಾಗೇ ಇದೆ.

ನಾಳೆ ಭಾನುವಾರ. ನಿನ್ನ ಡಬ್ಬದಿಂದ ಸಣ್ಣ ಬ್ರಷ್ ತೆಗೆದು ಟರ್ಪೆಂಟೈನಿನಲ್ಲಿ ನೆನೆಸಿಟ್ಟಿದ್ದೇನೆ, ಒಣಗಿದ ಬಣ್ಣಕ್ಕೆ ಅಂಟಿದ ಕೂದಲು ಇನ್ನೂ ಬಿಟ್ಟುಕೊಂಡಿಲ್ಲ. ಕೆಡವುವ ಗೋಡೆಗೆ ಯಾಕಮ್ಮ ಬಣ್ಣ ಅಂತ ಮೇಡಂ ಕೇಳಲಿಲ್ಲ. "ಏಣಿ ನಾನು ಹಿಡ್ಕೋತೀನಿ" ಅಂದರು. ಚಪ್ಪಡಿ ಒಣಗಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿಯೇ ಹತ್ತುತ್ತೇನೆ. ನನ್ನ ಅಕ್ಷರ ನಿನ್ನದರ ಪಕ್ಕದಲ್ಲಿ ಸೊಟ್ಟಗೆ ಕಾಣುತ್ತದೆ, ಬೈಯಬೇಡ. ಬೈದರೂ ಸರಿ. ಎರಡು ಪದ ಬರೆದು, ಇಳಿದು, ರಸ್ತೆ ದಾಟಿ ಎದುರು ನಿಲ್ಲುತ್ತೇನೆ. ಮೊದಲನೇ ಹೆಸರಿನಿಂದ ಹನ್ನೊಂದನೆಯದರವರೆಗೆ ಎಲ್ಲವನ್ನೂ ಗಟ್ಟಿಯಾಗಿ ಓದುತ್ತೇನೆ. ಕೊನೆಯದರಲ್ಲಿ ತಡವರಿಸಿದರೆ, ಮತ್ತೆ ಮೊದಲಿನಿಂದ ಓದುತ್ತೇನೆ ಅಪ್ಪ.

ನಿನ್ನ ಮಗಳು,
ಸುಜಾತ