ಕುದುರೆ ಹುಷಾರಾಗೋವರೆಗೆ

12-8-78, ಶನಿವಾರ, ಬೆಳಿಗ್ಗೆ

ಕುದುರೆ ಲದ್ದಿ ಬಾಚಿದ್ದಾಯ್ತು. ಇವತ್ತು ಹುಳ ಕಣ್ಣಿಗೇ ಕಾಣ್ತು — ಬಿಳೀ ದಾರದ ಹಾಗೆ. ದನದ ಡಾಕ್ಟರು ತಿಪಟೂರಿಂದ ಬಂದು ಔಷಧಿ ಕುಡಿಸಿದರು. "ಎರಡು ದಿನ ಕೊಟ್ಟಿಗೇಲೇ ಇರ್ಲಿ. ಒಣಹುಲ್ಲು ಹಾಕಿ. ಲದ್ದೀಲಿ ಬೀಳೋ ಹುಳಾನ ಗುಂಡೀಲಿ ಮುಚ್ಚಿ. ಹಳೇ ಜಾಗದಲ್ಲೇ ಮೇಯಿಸಿದ್ರೆ ಮತ್ತೆ ಹತ್ಕೊಳ್ಳುತ್ತೆ."

ಮಾವ ಲಿಂಗಣ್ಣನೋರಿಗೆ ಸಿಟ್ಟು. ಈ ಕುದುರೆ ಹತ್ತಿಯೇ ತೋಟ ಸುತ್ತೋರು. "ನನ್ ಕುದುರೇನ ಕಟ್ಟಾಕೋದಾ?" ನಾನು ಮನೆ ಅಳಿಯ. ಒಣಹುಲ್ಲು ತರೋಕೆ ಹೋದೆ.

ಸಂಜೆ

ಧೈರ್ಯ ಮಾಡಿ ಕೇಳಿದೆ. ತಿಪಟೂರಲ್ಲಿ ಕೊಬ್ಬರಿ ಮಂಡಿ ಲಕ್ಷ್ಮಯ್ಯನೋರು ಲೆಕ್ಕ ಬರೆಯೋ ರೈಟರ್ ಕೆಲಸ ಕೊಡ್ತೀನಿ ಅಂದಿದಾರೆ. ಸ್ಟೇಷನ್ ಹತ್ರ ರೂಮೂ ನೋಡಿದೀನಿ. ನಾನು, ಹೆಂಡತಿ ತಿಮ್ಮಕ್ಕ, ಇಬ್ಬರೇ...

ಮಾವ ಬಾಯಲ್ಲಿದ್ದ ಎಲೆಅಡಿಕೆ ಉಗಿದರು. "ಕುದುರೆ ಹುಷಾರಾಗ್ಲಿ. ಆಮ್ಯಾಕೆ ಹೊರಡು. ಯಾರು ಬ್ಯಾಡ ಅಂದೋರು?"

ತಿಮ್ಮಕ್ಕ ದೀಪ ಹಚ್ಚೋಕೆ ಒಳಗೆ ಹೋದಳು.

14-8

ಎದ್ದು ನೋಡಿದರೆ ಕೊಟ್ಟಿಗೆ ಖಾಲಿ. ಮಾವ ಬಿಚ್ಚಿ ಹಳೇ ಜಾಗಕ್ಕೇ ಬಿಟ್ಟಿದ್ದರು. ಓಡಿಹೋಗಿ ಹಿಡ್ಕೊಂಡು ಬಂದೆ. "ಇದು ಹುಷಾರಾಗಬೇಕೋ ಬೇಡವೋ, ಮಾವ?" ಎದುರು ಮಾತಾಡಿದ್ದು ಇದೇ ಮೊದಲು. ಮಾವ ಟವೆಲ್ ಕೊಡವಿ ಹೋದರು.

17-8

ತೋಟದ ಹಿಂದಿನ ಬೀಳು ನೆಲಕ್ಕೆ ಬೇಲಿ ಕಟ್ಟಿದೆ. ಅಲ್ಲಿ ಯಾವತ್ತೂ ಕುದುರೆ ಮೇಯ್ದಿಲ್ಲ. ಅಂಗೈಯೆಲ್ಲಾ ಮುಳ್ಳು. ಹಳೇ ಜಾಗದ ಲದ್ದಿ ಎತ್ತಿಸಿ ಅಲ್ಲಿಗೆ ಹಸು ಬಿಟ್ಟಿದೀನಿ. ಈ ಹುಳ ಹಸೂಗೆ ಹತ್ತಲ್ಲವಂತೆ.

2-10, ಸೋಮವಾರ

ಕುದುರೆ ಮೈ ತುಂಬಿದೆ. ಕೂದಲು ಮಿರಮಿರ. ಡಾಕ್ಟರು ಲದ್ದಿ ಪರೀಕ್ಷೆ ಮಾಡಿ ಹುಳ ಇಲ್ಲ ಅಂದರು. ಟ್ರಂಕಿಗೆ ನನ್ನ ಬಟ್ಟೆ ತುಂಬಿದೆ. ತಿಮ್ಮಕ್ಕ ಇನ್ನೂ ಸೀರೆ ಇಟ್ಟಿಲ್ಲ. "ನಾಳೆ ಇಡ್ತೀನಿ ಬುಡಿ."

3-10, ಸಂಜೆ

ಮಾವ ಕುದುರೆ ಮೇಲೆ ತಿಪಟೂರಿಗೆ ಹೋಗಿ ಬಂದರು. ಇಳಿದು ನನ್ನ ಹೆಗಲ ಮೇಲೆ ಕೈ ಇಟ್ಟರು.

"ಕುದುರೇನ ನಿನ್ ಹಂಗೆ ನೋಡ್ಕಳೋರು ಯಾರೂ ಇಲ್ಲ ಕಣಪ್ಪ. ಲಕ್ಷ್ಮಯ್ಯಂಗೆ ಹೇಳ್ಬಂದೆ, ನಮ್ ಅಳಿಯ ಬರಾಕಿಲ್ಲ ಅಂತ. ಜಟಕಾದೋನೊಬ್ಬ ಕುದುರೆ ಮಾರ್ತಾವ್ನೆ. ಬಡಕಲು. ನಿನ್ ಕೈಗೆ ಬಂದ್ರೆ ಸರಿಹೋಯ್ತದೆ."

ನೆಟ್ಟಗೆ ಅಡುಗೆಮನೆಗೆ ಹೋದೆ. ಒಳಗೆ ತಿಮ್ಮಕ್ಕ ಪಾಯಸಕ್ಕೆ ಕಾಯಿ ತುರೀತಿದ್ದಳು.

"ನಿಂಗೆ ಗೊತ್ತಿತ್ತಾ?"

ಕೈ ನಿಲ್ಲಿಸಲಿಲ್ಲ. "ಅಪ್ಪಂಗೆ ನಾನೇ ಹೇಳ್ಬನ್ನಿ ಅಂದೆ ಕಣ್ರೀ. ಆ ರೂಮಲ್ಲಿ ಹಗಲೆಲ್ಲಾ ಒಬ್ಳೇ ಏನ್ ಮಾಡ್ಲಿ ನಾನು?"

ಪಾಯಸ ಬಡಿಸಿದಳು. ತಿಂದೆ.

6-10, ಬೆಳಿಗ್ಗೆ

ಜಟಕಾದೋನು ಹೊಸಾ ಕುದುರೆ ತಂದು ಕಟ್ಟಿ ಹೋದ. ಪಕ್ಕೆಲುಬು ಎಣಿಸಬಹುದು. ಒಳ್ಳೇ ಪ್ರಾಣಿ. ಕೈ ಮೂಸಿ ನೋಡ್ತು. ಹುಳ ಇದ್ದರೂ ಇರಬಹುದು, ಇದನ್ನ ಬೀಳಿಗೆ ಬಿಡೋ ಹಾಗಿಲ್ಲ. ಮೊದಲು ಔಷಧಿ...

ಮಾವ ಅಂಗಳದಿಂದ ಕೂಗ್ತಿದಾರೆ. ಬರಲ್ಲ ಅಂತ ನಾನು ಒಂದ್ಸಲ ಅಂದುಬಿಟ್ಟರೆ — ಮತ್ತೆ ಕೂಗಿದರು, ಹೋಗ್ತೀನಿ.