ಆಟದಲ್ಲಿಲ್ಲದ ಕೋಟೆ

ನನ್ನನ್ನು ಮದುವೆಯಾಗಲು ಕೇಳಿರುವ ಗಡಿಯಾರದಂಗಡಿಯವರಿಗೆ ನಮಸ್ಕಾರ.

ಎದುರಿಗೆ ಕೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಮಾಡಿಕೊಟ್ಟ ವಿಡಿಯೋ ಗೇಮನ್ನು ನಿಮ್ಮ ಹಳೆಯ ಆಟದ ಪೆಟ್ಟಿಗೆಗೆ ಹಾಕಿ ಕೊನೆಯವರೆಗೂ ಆಡಿದೆ ಎಂದಿರಿ. "ಅಮ್ಮಾ, ಆ ಕೊನೇ ಕೋಟೆ ಇದ್ಯಲ್ಲ, ಕಣ್ಣಿಗೆ ಹಬ್ಬ!" ಎಂದು ನನ್ನ ಅಮ್ಮನೆದುರು ಹೊಗಳಿದಿರಿ. ಅಮ್ಮ ಕರಗಿ ನೀರಾದಳು.

ಕಂಪ್ಯೂಟರಿನಲ್ಲಿ ಮಾಡಿದಾಗ ಕೋಟೆ ಇತ್ತು, ನಿಜ. ಆದರೆ ನಿಮ್ಮ ಪೆಟ್ಟಿಗೆಯ ಮೆಮೊರಿ ಅಂಗೈಯಗಲ. ಅದಕ್ಕೆ ಹೊಂದಿಸುವಾಗ ಮೋಡ ತೆಗೆದೆ, ಹಾಡು ತೆಗೆದೆ, ಕಡೆಗೆ ಕೋಟೆಯನ್ನೂ ತೆಗೆದೆ. ಈಗ ಅದು ಇರುವುದು ನಾನು ಗೇಮ್ ಹಾಕಿಕೊಟ್ಟ ಡಬ್ಬಿಯ ಮೇಲಿನ ಚಿತ್ರದಲ್ಲಿ ಮಾತ್ರ.

ನನ್ನ ಅನುಮಾನ ತಪ್ಪಿದ್ದರೆ ಕ್ಷಮಿಸಿ. ಭಾನುವಾರ ನಮ್ಮ ಮನೆಗೆ ಬರುವ ಮುಂಚೆ ಒಮ್ಮೆ ಆಡಿ. ಕೋಟೆಯ ಜಾಗದಲ್ಲಿ ನಿಮಗಾಗಿ ಏನು ಬಿಡಿಸಿದ್ದೇನೆಂದು ನನಗೊಬ್ಬಳಿಗೇ ಹೇಳಿ. ಆಮೇಲೆ ಅಮ್ಮನಿಗೆ ಉತ್ತರ ಕೊಡುತ್ತೇನೆ.

ಇಂತಿ,
ಇನ್ನೂ ಹೂಂ ಎನ್ನದ
ಗುಬ್ಬಿ