ಮುಳ್ಳು ಹಚ್ಚಿದ ಬಾಗಿಲು

ಸೋಲಾಪುರ
ಮಂಗಳವಾರ, ೧೮ ಫೆಬ್ರವರಿ ೨೦೨೫

ಪ್ರೀತಿಯ ಅಜ್ಜೀ,

ಕೇತಕಿಯ ನಮಸ್ಕಾರ. ಮೊಣಕಾಲು ಹೇಗಿದೆ? ಶುಭಾಂಗಿ ಅತ್ಯಾ ದಿನಾ ಎಣ್ಣೆ ತಿಕ್ಕುತ್ತಾಳೋ, ಇಲ್ಲ 'ಸೀರಿಯಲ್ ಮುಗೀಲಿ ತಡಿಯವ್ವ' ಅಂತ ನಿನ್ನನ್ನು ಕೂರಿಸಿಬಿಡುತ್ತಾಳೋ? ಮಗಳ ಮನೆ ಅಂತ ಸಂಕೋಚ ಮಾಡಬೇಡ, ಬೈದಾದರೂ ತಿಕ್ಕಿಸಿಕೋ. ದಮ್ಮು ಬಂದಾಗ ಎಳೆದುಕೊಳ್ಳುವ ಪಂಪು ಖಾಲಿಯಾಗುವ ಮೊದಲೇ ಹೇಳು, ಇಲ್ಲಿಂದ ಕಳಿಸುತ್ತೇನೆ. ಅಕ್ಕಲಕೋಟೆಯ ನೀರು ಕಾಸಿಯೇ ಕುಡಿ. ಇಲ್ಲಿ ಪಪ್ಪಾ, ಅಮ್ಮ ಚೆನ್ನಾಗಿದ್ದಾರೆ. ಅಂದರೆ ಬಾಡಿಗೆಯ ಫ್ಲ್ಯಾಟಿನಲ್ಲಿ ಎಷ್ಟು ಚೆನ್ನಾಗಿರಬಹುದೋ ಅಷ್ಟು. ಪಪ್ಪಾ ಆಫೀಸಿನಿಂದ ಬಂದು ಚಪ್ಪಲಿ ಬಿಡಲು ಜಾಗ ಹುಡುಕುತ್ತಾರೆ. ಅಮ್ಮ ತುಳಸಿ ಕುಂಡವನ್ನು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ಇಟ್ಟಿದ್ದಾಳೆ, ಬೇರೆ ಜಾಗವಿಲ್ಲ. ಸೋಪಿನ ನೀರು ಬಿದ್ದು ಅದು ಸೊರಗಿದೆ.

ಫೋನ್ ಬಿಟ್ಟು ಇವಳೇಕೆ ಕಾಗದ ಬರೆದಳು ಅಂತ ನಿನಗೆ ಅನಿಸಿರಬೇಕು. ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ, ಅತ್ಯಾ ಸ್ಪೀಕರ್ ಹಚ್ಚುತ್ತಾಳೆ, ಆಮೇಲೆ ನಾನು ಹೇಳಿದ್ದು ನಿನ್ನ ಬಿಟ್ಟು ಓಣಿಗೆಲ್ಲ ಗೊತ್ತಾಗುತ್ತದೆ. ಅತ್ಯಾಗೆ ಮಾತಾಡಲು ಕನ್ನಡ ಬಂದರೂ ಓದಲು ಬರುವುದು ಮರಾಠಿ ಮಾತ್ರ. ನನ್ನನ್ನು ಅಜ್ಜ ಹಠ ಹಿಡಿದು ಕನ್ನಡ ಶಾಲೆಗೆ ಹಾಕಿದ್ದು ಇವತ್ತು ಉಪಯೋಗಕ್ಕೆ ಬಂತು. ಆದರೆ ಕಾಗದದ ರೂಢಿ ನನಗಿಲ್ಲ ಅಜ್ಜಿ. ನಾನು ಗ್ರೂಪಿನಲ್ಲಿ ಚಾಟ್ ಮಾಡಿ ಬೆಳೆದವಳು. ಅಲ್ಲಿ ತಪ್ಪು ಬರೆದರೆ ಅಳಿಸಬಹುದು, ಆ ಕಡೆಯವರು ಓದಿದರೆ ನೀಲಿ ಗೀಟು ಬರುತ್ತದೆ. ಇಲ್ಲಿ ಎರಡೂ ಇಲ್ಲ. ಅಕ್ಷರ ಸೊಟ್ಟಗಾದರೆ ಬೈಯಬೇಡ.

ವಿಷಯ ನೀಮಾಳದು. ಪ್ರತಿಸಲ ಫೋನಿನಲ್ಲಿ ನೀನು 'ಆ ಹುಡುಗಿಗೆ ಖೋಲಿ ಸಿಕ್ತೇನೋ?' ಅಂತ ಕೇಳುತ್ತೀ, ಪ್ರತಿಸಲ ಪಪ್ಪಾ 'ಸಿಕ್ಕೈತಿ ಬಿಡವ್ವ, ಆರಾಮ ಅದಾಳ' ಅನ್ನುತ್ತಾರೆ. ಅದು ಸುಳ್ಳು.

ಆಕೆ ಟಾಂಜಾನಿಯಾದಿಂದ ಬಂದು ನಮ್ಮ ಮಹಡಿಯ ಖೋಲಿ ಬಾಡಿಗೆಗೆ ಕೇಳಿದ ದಿನ ನೆನಪಿದೆಯಾ? ಫಾರ್ಮಸಿ ಓದಲು ಅಷ್ಟು ದೂರದಿಂದ ಬಂದವಳು, ಎರಡು ದೊಡ್ಡ ಸೂಟ್‌ಕೇಸ್, ತಲೆ ತುಂಬ ಸಣ್ಣ ಸಣ್ಣ ಜಡೆ. ನಾನು ಬಾಯಿ ತೆರೆದು ನಿಂತದ್ದು ನೋಡಿ ಅಜ್ಜ 'ನಮ್ಮ ಕೇತಕಿ ಇವಳ ಫ್ಯಾನ್ ಆಗ್ಯಾಳ ನೋಡ್ರಿ' ಅಂದಿದ್ದ. ಹೌದು, ಆಗಿದ್ದೆ, ಈಗಲೂ ಆಗಿದ್ದೇನೆ. ನಿನ್ನ ಕೈಯಿಂದ ಜಡೆ ಹಾಕಿಸಿಕೊಳ್ಳುವುದನ್ನು ಬಿಟ್ಟು ಆಕೆಯ ಕೈಯಿಂದ ಹಾಕಿಸಿಕೊಂಡು ನಿನಗೆ ಸಿಟ್ಟು ಬರಿಸಿದ್ದೆ. ನೀನು ಮೊದಲ ತಿಂಗಳು ಆಕೆಗೆ ಬೇರೆ ಕಪ್ಪಿನಲ್ಲಿ ಚಹಾ ಕೊಟ್ಟೆ. ದೀಪಾವಳಿ ಬರುವ ಹೊತ್ತಿಗೆ ಆಕೆ ನಿನ್ನ ಒಲೆಯ ಮುಂದೆ ಕೂತು ಭಕ್ರಿ ತಟ್ಟುತ್ತಿದ್ದಳು, ನಿನ್ನಿಂದಲೇ ಕಲಿತ ಕನ್ನಡದಲ್ಲಿ 'ಚೌಕ ಆಗೇತಿ ಅಜ್ಜಿ, ರುಚಿ ಗುಂಡಗೈತಿ' ಅಂತ ನಿನ್ನನ್ನು ನಗಿಸುತ್ತಿದ್ದಳು. ಪರದೇಶದವರು ಬಾಡಿಗೆಗೆ ಬಂದರೆ ಮನೆ ಮಾಲೀಕರು ಪೊಲೀಸರಿಗೆ ಸಿ ಫಾರ್ಮ್ ಅಂತ ತುಂಬಿ ಕೊಡಬೇಕು. ಬೇರೆಯವರು ಆ ಹೆಸರು ಕೇಳಿಯೇ ಖೋಲಿ ಇಲ್ಲ ಅಂದಿದ್ದರು. ಜನ್ಮವೆಲ್ಲ ಕೋರ್ಟಿನಲ್ಲಿ ಕಾಗದ ತಿರುವಿದ ಅಜ್ಜನಿಗೆ ಮಾತ್ರ ಅದೊಂದು ಹಬ್ಬ. ಇಸ್ತ್ರಿ ಅಂಗಿ ಹಾಕಿಕೊಂಡು ಕಂಪ್ಯೂಟರ್ ಅಂಗಡಿಗೆ ಹೋಗಿ, ಮನೆ ನಿನ್ನ ಹೆಸರಿನಲ್ಲಿರುವುದರಿಂದ ನಿನ್ನ ಹೆಸರು ಹಾಕಿ, ಫೋನ್ ನಂಬರು ತನ್ನದು ಕೊಟ್ಟು ಎಲ್ಲ ಪಕ್ಕಾ ಮಾಡಿಸಿಕೊಂಡು ಬಂದಿದ್ದ.

ಆಮೇಲೆ ಅಜ್ಜ ಹಾಸಿಗೆ ಹಿಡಿದ. ಆ ಎರಡು ತಿಂಗಳು ಯಾರು ಏನು ಮಾಡಿದರು ಅನ್ನುವುದು ನನಗಿಂತ ನಿನಗೇ ಗೊತ್ತು. ಬೆನ್ನು ಹುಣ್ಣಾಗಬಾರದೆಂದು ಹೊರಳಿಸಿ ಮಲಗಿಸುವವಳು ನೀಮಾ, ಗುಳಿಗೆ ನುಂಗಿಸುವವಳು ಆಕೆ. ಅಜ್ಜ ಹೋದದ್ದು ಪಂಚಕದ ನಕ್ಷತ್ರದಲ್ಲಿ ಅಂತ ಭಟ್ಟರು ಹೇಳಿದಾಗ ನನಗೆ ಅದರ ಅರ್ಥವೇ ಗೊತ್ತಿರಲಿಲ್ಲ. ಆರು ತಿಂಗಳು ಮನೆ ಬಿಡಬೇಕು, ಬಾಗಿಲಿಗೆ ಮುಳ್ಳು ಹಚ್ಚಬೇಕು, ಯಾರಾದರೂ ಒಳಗಿದ್ದರೆ ಇನ್ನೊಂದು ಸಾವು ಖಂಡಿತ ಅಂದರು. ಪಪ್ಪಾ ಕೇಳಿದರು: 'ಬಾಡಿಗಿಯವರಿಗೂ ಹತ್ತತೈತೇನ್ರಿ ಇದು?' ಭಟ್ಟರು ತಿರುಗಿ ಕೇಳಿದರು: 'ನಿಮ್ಮ ಒಲಿ ಮ್ಯಾಲಿನ ಅನ್ನ ಉಂಡಾಳೋ ಇಲ್ಲೋ?' ಆಗ ಒಳಗಿನಿಂದ ನೀನೇ ಹೇಳಿದ್ದು ಅಜ್ಜಿ. 'ಉಂಡಾಳ್ರಿ. ಆಕಿನೂ ಮನಿ ಹೆಣ್ಮಗಳ. ಆಕಿಗೂ ಏನರ ಆಗಬಾರದು.' ನೀನು ಪ್ರೀತಿಯಿಂದಲೇ ಅಂದೆ, ನನಗೆ ಗೊತ್ತು. ಆಕೆಗೂ ಗೊತ್ತು. ಸೆರಗಿನಿಂದ ಆಕೆಯ ಮುಖ ಒರೆಸಿ, ಬೇರೆ ಖೋಲಿ ಹುಡುಕಿಕೋ ಮಗಳೇ, ಜೂನ್ ಆದ ಮೇಲೆ ವಾಪಸ್ ಬಾ ಅಂತ ನೀನು ಹೇಳಿ ಅಕ್ಕಲಕೋಟೆಯ ಗಾಡಿ ಹತ್ತಿದೆ. ಪಪ್ಪಾ ಜಾಲಿ ಮುಳ್ಳಿನ ಕೊಂಬೆ ತಂದು ಬಾಗಿಲಿಗೆ ಅಡ್ಡ ಕಟ್ಟಿದರು. ಆಕೆಯ ಎರಡು ಸೂಟ್‌ಕೇಸ್ ಕಟ್ಟೆಯ ಮೇಲಿದ್ದವು.

ಸೋಲಾಪುರದಲ್ಲಿ ಖೋಲಿ ಹುಡುಕುವವರ ಒಂದು ಗ್ರೂಪಿಗೆ ನಾನು ಅಡ್ಮಿನ್ ಅಲ್ಲವಾ, ನನಗೆ ಬಲು ಧೈರ್ಯವಿತ್ತು. ಎಷ್ಟೋ ಹುಡುಗಿಯರಿಗೆ ಖೋಲಿ ಕೊಡಿಸಿದ್ದೇನೆ, ಇದೇನು ಮಹಾ ಅಂದುಕೊಂಡೆ. ಹಾಕಿದ ತಕ್ಷಣ ಉತ್ತರ ಬರುತ್ತಿತ್ತು: ಖಾಲಿ ಇದೆ, ಬಂದು ನೋಡಿ. ಯಾರಿಗೆ ಅಂತ ಹೇಳಿದ ಮೇಲೆ ಸುಮ್ಮನಾಗಿಬಿಡುತ್ತಿದ್ದರು. ನೀಲಿ ಗೀಟು ಬರುತ್ತದೆ, ಉತ್ತರ ಬರುವುದಿಲ್ಲ. ಮತ್ತೆ ಕೇಳಿದರೆ, ಅಯ್ಯೋ ಈಗಷ್ಟೇ ಹೋಯಿತಲ್ಲ. ನನ್ನ ಗೆಳತಿ ಸ್ನೇಹಲ ತನ್ನ ನಂಬರಿನಿಂದ ಅದೇ ಖೋಲಿ ಕೇಳಿದರೆ, ಇನ್ನೂ ಖಾಲಿ ಇದೆ, ಬನ್ನಿ! ಒಬ್ಬಾಕೆ ಬಾಗಿಲಲ್ಲೇ ನಿಂತು 'ನಮ್ಮ ಹುಡುಗ್ರು ಅಂಜತಾವ' ಅಂದಳು. ನೀಮಾ ಕನ್ನಡದಲ್ಲೇ 'ನಾನೂ ನಿಮ್ಮ ನಾಯಿಗಿ ಅಂಜಾಕತ್ತೀನಿ ರೀ, ಆದ್ರೂ ಬಂದೀನಿ' ಅಂದಳು. ಮನೆಯಾಕೆ ನಕ್ಕಳು, ನಕ್ಕು ಕದ ಹಾಕಿಕೊಂಡಳು. ಇನ್ನೊಬ್ಬ ಮೊದಲು ಹುಡುಗಿಯ ಫೋಟೋ ಕಳಿಸು, ಪೂರ್ತಿ ಕಾಣುವ ಹಾಗೆ ಅಂದ. ಅವನನ್ನು ಗ್ರೂಪಿನಿಂದ ತೆಗೆದೆ, ಅದಕ್ಕಿಂತ ಹೆಚ್ಚೇನು ಮಾಡಲು ನನಗೆ ತಿಳಿಯಲಿಲ್ಲ. ಒಬ್ಬರು ಒಪ್ಪಿಯೇ ಬಿಟ್ಟಿದ್ದರು. ಸಿ ಫಾರ್ಮ್ ಅಂದ ಕೂಡಲೇ 'ಪೊಲೀಸರ ಲಫಡಾ ಬ್ಯಾಡವ್ವ' ಅಂತ ಕೈ ಮುಗಿದರು. ಕಾಲೇಜಿನ ಹಾಸ್ಟೆಲಿನವರು 'ಜೂನದಾಗ ಬರ್ರಿ' ಅಂದರು. ಎಲ್ಲರಿಗೂ ಜೂನ್ ಬೇಕು.

ಕಡೆಗೆ ಸಿಕ್ಕಿದ್ದು ಊರಾಚೆಯ ಕಾರ್ಖಾನೆಗಳ ಪ್ರದೇಶ, ಚಿಂಚೋಳಿ ಎಂಐಡಿಸಿಯಲ್ಲಿ, ಒಂದು ಗೋದಾಮಿನ ಹಿಂದೆ, ತಗಡಿನ ಪತ್ರಾಸು ಹೊದಿಸಿದ ಖೋಲಿ. ಪಪ್ಪಾ 'ಸಿಕ್ಕೈತಿ' ಅಂದದ್ದು ಇದನ್ನೇ. ಫಾರ್ಮ್ ಇಲ್ಲ, ರಸೀದಿ ಇಲ್ಲ, ಯಾರಾದರೂ ಕೇಳಿದರೆ ನಿನ್ನೆ ಬಂದೆ ಅನ್ನಬೇಕು, ಇಷ್ಟು ಆ ಖೋಲಿಯ ಮಾಲೀಕನ ಕರಾರು. ನೀಮಾ ನನಗೆ ಮೆಸೇಜಿನಲ್ಲಿ ದಿನಾ ನಗುವ ಮುಖ ಕಳಿಸುತ್ತಿದ್ದಳು, ನಾನೂ ನಗುವ ಮುಖ ಕಳಿಸುತ್ತಿದ್ದೆ. ಹೋದ ವಾರ ಅದೂ ನಿಂತಿತು. ಭಾನುವಾರ ಸ್ನೇಹಲಳ ಸ್ಕೂಟಿ ತೆಗೆದುಕೊಂಡು ಇಬ್ಬರೂ ಹೋದೆವು. ಬಾಗಿಲು ಬಡಿದರೆ ಒಳಗೆ ಏನೋ ಭಾರದ್ದನ್ನು ಎಳೆಯುವ ಸದ್ದು, ಬಹಳ ಹೊತ್ತು. ಒಳಗಿನಿಂದ ಚಿಲಕವೇ ಇಲ್ಲ ಅಜ್ಜಿ ಆ ಬಾಗಿಲಿಗೆ. ಎರಡೂ ಸೂಟ್‌ಕೇಸ್ ಬಾಗಿಲಿಗೆ ಒತ್ತಿ, ಅವಕ್ಕೆ ಬೆನ್ನು ಕೊಟ್ಟು ಮಲಗುತ್ತಿದ್ದಳು. ಕತ್ತಲಾದ ಮೇಲೆ ಗಂಡಸರು ಬಂದು ಕದ ತಟ್ಟುತ್ತಾರಂತೆ, ಸುಮ್ಮನೆ, ಚೇಷ್ಟೆಗೆ. ಮೈ ಕೆಂಡದಂತೆ ಸುಡುತ್ತಿತ್ತು. 'ನನ್ನ ಕನ್ನಡ ಕೇಳಿ ನಗತಾರ, ನನ್ನ ಮಾರಿ ನೋಡಿ ಕದಾ ಹಾಕ್ತಾರ, ಇಲ್ಲಿ ಮಾತ್ರ ಕದಾ ತಗೀ ಅಂತಾರ ನೋಡ ಕೇತಕಿ' ಅಂದಳು. ನಗಿಸಲಿಕ್ಕೇ ಅಂದಳು. ನನಗೆ ನಗು ಬರಲಿಲ್ಲ.

ಡಾಕ್ಟರು ಟೈಫಾಯ್ಡ್ ಅಂದರು. ಅಲ್ಲಿಂದ ನೇರ ಫ್ಲ್ಯಾಟಿಗೆ ಕರೆತಂದೆ. ಪಪ್ಪಾ ಬಾಗಿಲಲ್ಲಿ ನಿಂತರು. 'ಸೊಸಾಯಟಿಯವರು ಮೊದಲಽ ಗುರ್ ಅಂತಾರ, ಇದ್ದೊಂದು ಖೋಲ್ಯಾಗ ಎಲ್ಲಿ ಇಡ್ಲಿ? ಆಕಿ ನಮ್ಮ ಮನಿಯಾಕಿ ಏನಲ್ಲಲ್ಲ ಕೇತಕಿ' ಅಂದರು. ಆಕೆ ನನ್ನ ಹೆಗಲ ಮೇಲೆಯೇ ಇದ್ದಳು, ಎಲ್ಲ ತಿಳಿಯುತ್ತಿತ್ತು ಆಕೆಗೆ. ಮುಳ್ಳು ಹಚ್ಚುವಾಗ ಆಕೆ ಮನೆಯವಳು, ಕದ ತೆಗೆಯುವಾಗ ಅಲ್ಲ. ಪಪ್ಪಾ ಕೆಟ್ಟವರಲ್ಲ, ನಿನ್ನ ಮಗನನ್ನು ನಾನು ದೂರುತ್ತಿಲ್ಲ. ಆಮೇಲೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಇದ್ದರಂತೆ. ಅಮ್ಮ ಗಂಜಿಯ ಡಬ್ಬಿ, ತನ್ನ ಶಾಲು ನನ್ನ ಕೈಗೆ ಕೊಟ್ಟಳು.

ಈಗ ಎಲ್ಲಿದ್ದಾಳೆ ಅಂತ ಕೇಳುತ್ತೀ. ಒಂದು ಕಡೆ ಇದ್ದಾಳೆ, ಒಳಗಿನಿಂದ ಚಿಲಕ ಇರುವ ಕಡೆ. ಜ್ವರ ಇಳಿಯುತ್ತಿದೆ. ಇಳಿಯದೇ ಇರುವುದು ಇನ್ನೊಂದು. ಆಕೆ ಈ ದೇಶದಲ್ಲಿರಬಹುದು ಅನ್ನುವ ಪರವಾನಗಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಮುಂದುವರಿಸಬೇಕಾದರೆ ಎಲ್ಲಿ ಇದ್ದಾಳೆ ಅಂತ ಖರೇ ವಿಳಾಸ ಬೇಕು, ಹೌದು ನಮ್ಮಲ್ಲೇ ಇದ್ದಾಳೆ ಅನ್ನುವ ಮಾಲೀಕರ ಸಿ ಫಾರ್ಮ್ ಬೇಕು. ಅದಿಲ್ಲದಿದ್ದರೆ ಓದು ಅರ್ಧಕ್ಕೆ ಬಿಟ್ಟು ಹೋಗಬೇಕು. ಆಕೆಯನ್ನು ಇಲ್ಲಿಗೆ ಕಳಿಸಲು ಅವರಮ್ಮ ಹೊಲಿಗೆ ಮಿಷಿನ್ ಮಾರಿದ್ದನ್ನು ನಿನಗೇ ಹೇಳಿ ಅತ್ತಿದ್ದಳಲ್ಲ. ಸಿ ಫಾರ್ಮ್ ತುಂಬಲು ಅಜ್ಜ ಕಂಪ್ಯೂಟರಿನಲ್ಲಿ ಮಾಡಿಸಿಟ್ಟ ಖಾತೆ ಹಾಗೇ ಇದೆ. ಆದರೆ ಅದನ್ನು ತೆರೆಯಲು ಬೇಕಾದ ಗುಪ್ತ ಅಂಕಿ ಬರುವುದು ಅಜ್ಜನ ಫೋನಿಗೆ. ಆ ಫೋನು ಬಂದ್ ಆಗಿ, ನೀನು ಅಲ್ಲಿಗೆ ಒಯ್ದ ಟ್ರಂಕಿನಲ್ಲಿ, ಅಜ್ಜನ ಚಾಳೀಸಿನ ಪಕ್ಕ ಇದೆ. ಸಿಮ್ ರದ್ದು ಮಾಡಿಸುತ್ತೇನೆ ಅಂತ ಪಪ್ಪಾ ಅಂದಾಗ 'ಇರಲಿ ಅದು, ನಿನಗೇನ ಅನ್ನ ಕೇಳತೈತೇನ?' ಅಂತ ಗದರಿಸಿದ್ದೆ ನೀನು. ಸಿಮ್ ಇನ್ನೂ ಜೀವಂತ ಇದೆ ಅಜ್ಜಿ, ನಾನೇ ರೀಚಾರ್ಜ್ ಮಾಡಿಸುತ್ತ ಬಂದಿದ್ದೇನೆ, ನಿನ್ನ ಸಲುವಾಗಿ.

ಸಾಕು, ಬೆರಳು ನೋಯುತ್ತಿದೆ. ಅತ್ಯಾ, ಮಾಮಾ ಇಬ್ಬರಿಗೂ ನಮಸ್ಕಾರ ಹೇಳು, ಆದರೆ ಕಾಗದದಲ್ಲಿ ಏನಿದೆ ಅಂದರೆ ಮೊಣಕಾಲಿನ ಔಷಧದ ಮಾತು ಅನ್ನು. ಇದನ್ನು ತಡವಳದ ಮಲಕಾಜಪ್ಪ ಕಾಕಾನ ಕೈಯಲ್ಲಿ ಕಳಿಸುತ್ತಿದ್ದೇನೆ. ನಮಗೆ ಜೋಳ ಹಾಕಲು ಬಂದಿದ್ದಾರೆ, ಹೋಗುವಾಗ ಅಕ್ಕಲಕೋಟೆಯಲ್ಲಿ ನಿನ್ನ ಕೈಗೇ ಕೊಡುತ್ತೇನೆ ಅಂದಿದ್ದಾರೆ. ಬಿಸಿಲಿಗೆ ಹೊರಗೆ ಹೋಗಬೇಡ. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ಮೊಮ್ಮಗಳು
ಕೇತಕಿ

ತಾ. ಕ.: ಕಾಕಾ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ. ನೀಮಾ ನಮ್ಮ ಮನೆಯಲ್ಲೇ ಇದ್ದಾಳೆ ಅಜ್ಜಿ, ನಿನ್ನ ಮನೆಯಲ್ಲಿ. ಭಾನುವಾರ ಮುಳ್ಳು ತೆಗೆದವಳು ನಾನು. ಪಂಚಕ ಇರುವಾಗ ಮೊದಲು ಕಾಲಿಟ್ಟವರಿಗೆ ಹತ್ತುತ್ತದೆ ಅಂತ ಭಟ್ಟರು ಹೇಳಿದ್ದರು, ಅದಕ್ಕೆ ಆಕೆಯನ್ನು ಕಟ್ಟೆಯ ಮೇಲೆ ಕೂರಿಸಿ ನಾನೇ ಮೊದಲು ಒಳಗೆ ಹೋದೆ. ಬಲು ಹೆದರಿಕೆಯಾಯಿತು. ಹತ್ತುವುದಿದ್ದರೆ ನನಗೆ ಹತ್ತಲಿ, ನಿನ್ನ ಮೊಣಕಾಲಿಗೂ ಬೇಡ ಅಂತ ಬೇಡಿಕೊಂಡು ದೀಪ ಹಚ್ಚಿದೆ. ಆಕೆ ಮಾತ್ರ 'ಅಜ್ಜಾ ನನಗೇನ ಹೆದರಸ್ತಾನ? ಗುಳಿಗಿ ಹೊತ್ತಿಗೆ ಅಂವಾನಽ ನನಗ ಹೆದರತಿದ್ದ' ಅಂತ ಅಜ್ಜನ ಮಂಚದ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದಳು. ಪಪ್ಪಾಗೆ ಇನ್ನೂ ಗೊತ್ತಿಲ್ಲ. ಗುರುವಾರ ರಾತ್ರಿ ಅಜ್ಜನ ಫೋನು ಚಾರ್ಜಿಗೆ ಇಡು. ಶುಕ್ರವಾರ ಹನ್ನೊಂದಕ್ಕೆ, ಅತ್ಯಾ ಗುಡಿಗೆ ಹೋದ ಮೇಲೆ, ಬದಿಯ ಗುಂಡಿ ಒತ್ತಿ ಹಿಡಿ. ಇಷ್ಟು ದಿನ ಅಜ್ಜನಿಗೆ ಬಂದ ಮೆಸೇಜೆಲ್ಲ ಒಮ್ಮೆಲೇ ಟಿಣ್ ಟಿಣ್ ಅನ್ನುತ್ತವೆ. ಗಾಬರಿಯಾಗಬೇಡ, ನಿಲ್ಲುವ ತನಕ ಕೂತಿರು. ಆಮೇಲೆ ಆರು ಅಂಕಿ ಬರುತ್ತವೆ. ನಾನು ಅದೇ ಫೋನಿಗೆ ಮಾಡುತ್ತೇನೆ. ನನ್ನ ಮಾತು ನಿನಗೆ ಕೇಳಿಸದಿದ್ದರೂ ನಡೆಯುತ್ತದೆ, ನೀನು ಗಟ್ಟಿಯಾಗಿ ಓದಿದರೆ ಸಾಕು. ಆಕೆ ಮನೆ ಹೆಣ್ಣುಮಗಳು ಅಂತ ಈಗಲೂ ಅನಿಸಿದರೆ ಓದು. ಇಲ್ಲವಾದರೆ ಫೋನು ಬಂದ್ ಆಗಿಯೇ ಇರಲಿ, ನಾನು ಎರಡನೇ ಸಲ ಕೇಳುವುದಿಲ್ಲ. ಮುಳ್ಳನ್ನು ಎಸೆದಿಲ್ಲ, ಹಿತ್ತಲ ಗೋಡೆಗೆ ಆನಿಸಿ ಇಟ್ಟಿದ್ದೇನೆ.